‘ಫ್ರೀ’ ಡಯಾಲಿಸಿಸ್‌ನ ಖರ್ಚು ಲೆಕ್ಕ ಹಾಕುವುದು ಹೇಗೆ?

ಬಿಪಿಎಲ್ ಕಾರ್ಡಿನವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಮನೆಯ ಚಿಕಿತ್ಸೆ ಖರ್ಚು ಕೇಳುವ ಸಮೀಕ್ಷೆಯ ಫಾರಂನಲ್ಲಿ ಇದನ್ನು ‘ಸೊನ್ನೆ’ ಎಂದು ಬರೆದುಕೊಂಡರೆ ಅಲ್ಲೇ ಲೆಕ್ಕ ತಪ್ಪಿತು.

ಉತ್ತರ ಕನ್ನಡದ ಜೋಯಿಡಾ ತಾಲೂಕಿನ ಹಳ್ಳಿಯಿಂದ ಕಾರವಾರಕ್ಕೆ ಬರುವವರನ್ನೇ ನೋಡಿ. ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ತಾಸು ಮಶಿನ್ ಮುಂದೆ. ಬಸ್ಸಿನ ಹೊತ್ತು ಸೇರಿದರೆ ದಿನವೇ ಹೋಯಿತು. ತಿಂಗಳಿಗೆ 13 ದಿನ. ಜೊತೆಗೊಬ್ಬರು ಬೇಕೇ ಬೇಕು, ಅಂದರೆ ಇಬ್ಬರದೂ ಕೂಡಿ 26 ದಿನದ ಕೂಲಿ ಖೋತಾ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಟಿಕೆಟ್ ಇಲ್ಲ, ಪೇಶಂಟ್ ಗಂಡನಿಗೆ ಇದೆ! ಮಳೆಗಾಲದಲ್ಲಿ ಘಟ್ಟ ಕುಸಿದರೆ ಬಾಡಿಗೆ ಗಾಡಿಯೇ ಗತಿ.

‘ಆಸ್ಪತ್ರೆಗೆ ಎಷ್ಟಾಯ್ತು?’ ಎಂದು ಕೇಳಿದರೆ ಜನ ಬಿಲ್ಲಿನ ಮೊತ್ತ ಮಾತ್ರ ಹೇಳುತ್ತಾರೆ. ಬಸ್ಸು, ಊಟ, ಹೊರಗಿನ ಔಷಧಿ, ಕೂಲಿ, ಸಾಲದ ಬಡ್ಡಿ ಎಂದು ಬಿಡಿಸಿ ಬಿಡಿಸಿ ಕೇಳಬೇಕು. ಅಡ್ಮಿಟ್ ಆದದ್ದನ್ನು ಹಿಂದಿನ 365 ದಿನದ ಮಟ್ಟಿಗೆ, ಹೊರರೋಗಿ (ಅಡ್ಮಿಟ್ ಆಗದ) ಖರ್ಚನ್ನು ಹಿಂದಿನ 15 ದಿನದ ಮಟ್ಟಿಗೆ ಕೇಳುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ರೂಢಿ. ಸಣ್ಣ ಖರ್ಚು ಬೇಗ ಮರೆತುಹೋಗುತ್ತದಲ್ಲ.

ಮನೆಯ ಒಟ್ಟು ವೆಚ್ಚದಲ್ಲಿ ಚಿಕಿತ್ಸೆಯ ಪಾಲು 10 ಶೇಕಡಾ ದಾಟಿದರೆ ಅದನ್ನು ‘ದುರಂತ ವೆಚ್ಚ’ ಎನ್ನುವುದುಂಟು. ಆದರೆ ಈ ಅಳತೆಯಲ್ಲಿ ಪ್ರಯಾಣ, ಕೂಲಿ ಸಾಮಾನ್ಯವಾಗಿ ಸೇರುವುದಿಲ್ಲ. ಇನ್ನೂ ದೊಡ್ಡ ತೂತು ಬೇರೆ ಇದೆ: ದೂರಕ್ಕೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟವರ ಖರ್ಚೂ ಸೊನ್ನೆಯೇ. ಅದಕ್ಕೇ ‘ಹೋಗಬೇಕಿತ್ತು, ಹೋಗಲಿಲ್ಲ, ಯಾಕೆ?’ ಎಂಬ ಕಾಲಂ ಫಾರಂನ ಮೊದಲ ಪುಟದಲ್ಲೇ ಇರಲಿ.