ಮೆಷಿನ್ ಸೊನ್ನೆ ತೋರಿಸಿದ ದಿನ

ನಾನು ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಕೂಲಿ ಬಟವಾಡೆ ಮಾಡುವುದು, ಮೇಸ್ತ್ರಿ ಜೊತೆ ಜಗಳ ಆಡುವುದು. ಹೋದ ವರ್ಷದಿಂದ ಇನ್ನೊಂದು ಕೆಲಸ ಸೇರಿತು, ಬೆಳಿಗ್ಗೆ ಆಳುಗಳ ಬಾಯಿಗೆ ಊದುವ ಮೆಷಿನ್ ಹಿಡಿಯುವುದು.

ಪಕ್ಕದ ತೋಟದಲ್ಲಿ ಒಬ್ಬ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರದಿಂದ ಬಿದ್ದಿದ್ದ. ಕುಡಿದಿದ್ದ ಅಂತ ಸುದ್ದಿ. ನಮ್ಮ ಸಾವ್ಕಾರರು ಬೆಂಗಳೂರಿನಲ್ಲಿ ಕೂತು ಹೆದರಿಕೊಂಡು ಆನ್‌ಲೈನಲ್ಲಿ ಮೆಷಿನ್ ತರಿಸಿ ಬಸ್ಸಿನಲ್ಲಿ ಕಳಿಸಿದರು. ಜೊತೆಗೆ ವಾಟ್ಸಾಪಲ್ಲಿ ಒಂದು ಸಾಲಿನ ಆರ್ಡರ್: ಸೊನ್ನೆ ಬಂದವರಿಗೆ ಮಾತ್ರ ಏಣಿ. ಏಣಿಯನ್ನು ಮರಕ್ಕೆ ಕಟ್ಟುವ ಹಗ್ಗ ಸವೆದಿದೆ, ಹೊಸದು ಬೇಕು ಅಂತ ನಾನು ಎರಡು ವರ್ಷದಿಂದ ಕೇಳುತ್ತಿದ್ದೆ. ಅದು ಮಾತ್ರ ಬರಲಿಲ್ಲ.

ನಮ್ಮಲ್ಲಿ ಒಬ್ಬನಿದ್ದಾನೆ. ಎಲ್ಲರೂ ಏಣಿಯಣ್ಣ ಅಂತಾರೆ. ಒಂಟಿ ಬಿದಿರಿನ ಏಣಿ ಮೇಲೆ ಅವನು ಓಡಾಡುವುದನ್ನು ನೋಡಿದರೆ ನಮಗೇ ತಲೆ ತಿರುಗಬೇಕು. ಮೆಣಸು ಕೊಯ್ಲಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡುತ್ತಾನೆ. ಬೆಳಿಗ್ಗೆ ಕೆಲಸಕ್ಕೆ ಬರುವ ಮೊದಲೇ ಎರಡು 90 ಎಂಎಲ್ ಪ್ಯಾಕೆಟ್ ಮುಗಿಸಿರುತ್ತಾನೆ ಅನ್ನುವುದು ಇಡೀ ಲೈನಿಗೆ, ಅಂದರೆ ಆಳುಗಳ ಮನೆ ಸಾಲಿಗೆ, ಗೊತ್ತು. ಇಷ್ಟು ವರ್ಷದಲ್ಲಿ ಒಂದು ದಿನ ಕಾಲು ಜಾರಿಲ್ಲ.

ಸೋಮವಾರ ಊದಿಸಿದೆ. 84 ಬಂತು. ಗಾಡಿ ಓಡಿಸುವವರಿಗೆ 30 ದಾಟಿದರೆ ಕೇಸು. ಅವನನ್ನು ಹೆಂಗಸರ ಜೊತೆ ಉದುರಿದ ಮೆಣಸು ಆರಿಸಲು ಹಾಕಿದೆ. ಅವನ ಮುಖ ನೋಡಬೇಕಿತ್ತು. ಏಣಿಯಲ್ಲಿ ಕೆಜಿ ಲೆಕ್ಕ, ಕೆಳಗೆ ದಿನಗೂಲಿ. ದುಡ್ಡಿಗಿಂತ ಜಾಸ್ತಿ ಮರ್ಯಾದೆಯ ಪ್ರಶ್ನೆ.

"ಬುಧವಾರ ಸೊನ್ನೆ ತೋರಿಸು, ಏಣಿ ನಿಂದೇ," ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಅವನ ಹೆಂಡತಿಯನ್ನು ಕರೆದು ದುಡ್ಡು ಬಚ್ಚಿಡಲು ಹೇಳಿದೆ. ಕದ್ದು ಪ್ಯಾಕೆಟ್ ಮಾರುವ ಗೂಡಂಗಡಿಯವನಿಗೂ ಹೋಗಿ ಗದರಿಸಿ ಬಂದೆ. ದೊಡ್ಡ ಸಮಾಜ ಸುಧಾರಕ ನಾನು.

ಬುಧವಾರ ಬೆಳಿಗ್ಗೆ ಏಣಿಯಣ್ಣ ಬಂದ. ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡಿದ್ದ. ಫೆಬ್ರವರಿ ಚಳಿಗೆ ನಾನು ಸ್ವೆಟರ್ ಹಾಕಿದ್ದೆ, ಅವನ ಹಣೆಯಲ್ಲಿ ಬೆವರು. ಮೆಷಿನ್ ಕೈಗೆ ಕೊಟ್ಟೆ. ಹಿಡಿಯಲು ಆಗಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ನಾನೇ ಹಿಡಿದುಕೊಂಡೆ. ಊದಿದ. 000.

ಚಪ್ಪಾಳೆ ಹೊಡೆಸಿದೆ. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಸಾವ್ಕಾರರು ತಕ್ಷಣ ಹೆಬ್ಬೆಟ್ಟು ಒತ್ತಿದರು.

ಮೇಸ್ತ್ರಿ ಮಾತ್ರ ಹತ್ತಿರ ಬಂದು, "ರೈಟ್ರೇ, ಇವ್ನ ಕೈ ಸರಿ ಇಲ್ಲ. ಇವತ್ತು ಹತ್ತಿಸೋದು ಬೇಡ," ಅಂದ.

"ಮೆಷಿನ್ ಸೊನ್ನೆ ಹೇಳ್ತಿದೆಯಲ್ಲ ಮಾರಾಯ," ಅಂದೆ. ಈ ಒಂದು ಮಾತು ಈಗಲೂ ರಾತ್ರಿ ನೆನಪಿಗೆ ಬರುತ್ತದೆ.

ಐದು ಮೆಟ್ಟಿಲು ಹತ್ತಿದ್ದ. ಆರನೆಯದಕ್ಕೆ ಕೈ ಹಾಕಿದವನು ಒಂದು ಥರ ಕೂಗಿದ. ಮೈ ಬಿಗಿಯಿತು, ಹಿಂದಕ್ಕೆ ಬಿದ್ದ. ಕೆಳಗೆ ದರಗು, ಒಣಗಿದ ಎಲೆ, ದಪ್ಪ ಇತ್ತು, ಬದುಕಿದ. ಕೈಕಾಲು ಹೊಡೆದುಕೊಳ್ಳುತ್ತಿದೆ, ಬಾಯಲ್ಲಿ ನೊರೆ. ನಾನು ಏನು ಮಾಡಿದೆ ಗೊತ್ತಾ? ಸ್ಟೋರಿನ ಕೀ ಗೊಂಚಲು ತೆಗೆದು ಅವನ ಮುಷ್ಟಿಗೆ ತುರುಕಿದೆ. ಬಿಎ ಓದಿದವನು! ಮೇಸ್ತ್ರಿ ನನ್ನನ್ನು ತಳ್ಳಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಗೋಣಿಚೀಲ ಇಟ್ಟ. ಎರಡು ನಿಮಿಷ ಇರಬಹುದು. ನನಗೆ ಒಂದು ಮಳೆಗಾಲದಷ್ಟು ಆಯಿತು. 108ಕ್ಕೆ ಫೋನ್ ಮಾಡಬೇಕಾದರೆ ಕಣದ ತನಕ ಓಡಬೇಕು, ಅಲ್ಲೇ ಸಿಗ್ನಲ್. ಕೊನೆಗೆ ನಮ್ಮ ಜೀಪಲ್ಲೇ ಹಾಕಿಕೊಂಡು ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಕುಡೀತಾರಾ?"

"ಇಲ್ಲ ಡಾಕ್ಟ್ರೇ, ಸೋಮವಾರ ಸಂಜೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ. ಮೆಷಿನಲ್ಲೇ ನೋಡಿದೀನಿ," ಅಂದೆ, ಹೆಮ್ಮೆಯಿಂದ.

"ಅದಕ್ಕೇ ಬಂದಿರೋದು," ಅಂದರು.

ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದಂತೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರು, ನಾಲ್ಕನೇ ದಿನ ಕೆಲವರಿಗೆ ಬುದ್ಧಿ ಭ್ರಮಣೆ, ಅದಕ್ಕೆ ಔಷಧಿ ಇಲ್ಲದಿದ್ದರೆ ಜೀವವೇ ಹೋಗಬಹುದು. ಇಂಥವರು ಬಿಡಬೇಕಾದರೆ ಡಾಕ್ಟರ ಕೈಯಲ್ಲೇ ಬಿಡಬೇಕು, ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ನಾನು ಗ್ಲೂಕೋಸ್ ಹಾಕಿ ಅಂತ ಅವಸರ ಮಾಡಿದೆ. ಮೊದಲು ವಿಟಮಿನ್ ಬಿ1, ಆಮೇಲೆ ಗ್ಲೂಕೋಸ್ ಅಂತ ನರ್ಸಮ್ಮ ಬೈದರು. ಅಂತೂ ಬೆಳಿಗ್ಗೆ ಅವನ ಕೈ ಹೇಳಿದ್ದನ್ನು ಮೇಸ್ತ್ರಿ ಓದಿದ್ದ, ನಾನು ಮೆಷಿನ್ ಓದಿದ್ದೆ.

ಗುರುವಾರ ರಾತ್ರಿ ಡಾಕ್ಟರ್ ಹೇಳಿದ್ದೇ ಆಯಿತು. ಮಂಚದ ಮೇಲೆ ಎದ್ದು ಕೂತ ಏಣಿಯಣ್ಣ ಬೆಡ್‌ಶೀಟಿನಿಂದ ಮೆಣಸು ಬಿಡಿಸುತ್ತಿದ್ದ. ಎರಡೂ ಕೈಯಲ್ಲಿ ಗೊಂಚಲು ಗೊಂಚಲಾಗಿ ಬಿಡಿಸಿ ಸೊಂಟದಲ್ಲಿ ಇಲ್ಲದ ಚೀಲಕ್ಕೆ ಹಾಕುತ್ತಿದ್ದ. "ಏಣಿ ಹಿಡ್ಕೊಳಿ ರೈಟ್ರೇ, ಏಣಿ ಹಿಡ್ಕೊಳಿ," ಅಂತ ಕೂಗುತ್ತಿದ್ದ. ನಾನು ಮಂಚದ ಕಾಲು ಹಿಡಿದುಕೊಂಡು ನಿಂತೆ. ಬೇರೆ ಏನು ಮಾಡಲಿ? ಇಂಜೆಕ್ಷನ್ ಕೊಟ್ಟ ಮೇಲೆ ಮಲಗಿದ. ಇನ್ನು ಎರಡು ದಿನಕ್ಕೆ ಹೆಂಡತಿಯ ಗುರುತು ಹಿಡಿದ.

ಮೂಲೆಯಲ್ಲಿ ಕೂತಿದ್ದ ಅವಳು ಒಂದೇ ಮಾತು ಕೇಳಿದಳು: "ರೈಟ್ರೇ, ಮರಗಸಿ ದಿನ ಚಳಿಗೆ ಅಂತ ಮೊದ್ಲು ಕುಡ್ಸಿದ್ದು ಯಾರು?"

ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ. ಕುಡಿಸಿದ್ದು ಯಾರು ಅಂತ ನನ್ನ ಪುಸ್ತಕದಲ್ಲೇ ಇದೆ. ಮರ ಹತ್ತುವವರಿಗೆ ಸಂಜೆ ತಲೆಗೊಂದು ಕ್ವಾರ್ಟರ್ ಅನ್ನುವುದು ತೋಟದ ಹಳೇ ಪದ್ಧತಿ. ಮೊದಲು ಸಾರಾಯಿ ಪ್ಯಾಕೆಟ್ ಇತ್ತು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು, ನಾವು ಟೆಟ್ರಾ ಪ್ಯಾಕಿಗೆ ಬಂದೆವು. ಲೆಕ್ಕದಲ್ಲಿ "ಇತರೆ ಖರ್ಚು". ಆ ಅಕ್ಷರ ನನ್ನದೇ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದು, ಸಂತೆಯ ಹಿಂದಿನ ಸಂಜೆಯೇ ಬಟವಾಡೆ ಮಾಡುವುದು, ಇವೂ ನಾವೇ. ಬಟವಾಡೆ ದಿನ ಬದಲಿಸೋಣ ಅಂತ ಸಾವ್ಕಾರರಿಗೆ ಹೇಳಿದರೆ, "ಆಳು ಪಕ್ಕದ ತೋಟಕ್ಕೆ ಹೋದ್ರೆ ನೀನು ಕೊಯ್ತೀಯಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇತರೆ ಖರ್ಚಿನ ಕ್ವಾರ್ಟರ್ ಮಾತ್ರ ಜಗಳ ಮಾಡಿ ನಿಲ್ಲಿಸಿದೆ, ಬದಲಿಗೆ ದುಡ್ಡು ಸೇರಿಸಿ ಕೊಡುತ್ತೇವೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಡಿ. ಏಣಿ ಹತ್ತುವವರ ಕೈ ನೋಡುವ ಕೆಲಸ ಈಗ ಮೇಸ್ತ್ರಿಯದು, ಅವನು ಬೇಡ ಅಂದರೆ ಬೇಡ. ಕೆಳಗಿನ ಕೆಲಸಕ್ಕೂ ಅವತ್ತಿನ ಮಟ್ಟಿಗೆ ಏಣಿ ಕೂಲಿಯನ್ನೇ ಬರೆಯುತ್ತೇನೆ, ಸಾವ್ಕಾರರು ಇನ್ನೂ ಗಮನಿಸಿಲ್ಲ. ಲೈನ್ ಗೋಡೆ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆಸಿದ್ದೇನೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅದರ ಕೆಳಗೆ ಯಾರೋ ಇದ್ದಿಲಲ್ಲಿ ಗೂಡಂಗಡಿಯವನ ನಂಬರೂ ಬರೆದಿದ್ದಾರೆ.

ಏಣಿಯಣ್ಣ ಈಗ ಕಣದಲ್ಲಿ ಮೆಣಸು ಒಣಗಿಸುತ್ತಾನೆ. ಮಾತ್ರೆ ನಡೆಯುತ್ತಿದೆ. ನಡುವೆ ಒಮ್ಮೆ ಮತ್ತೆ ಕುಡಿದು, ತಾನೇ ಬಂದು ಹೇಳಿ, ತಾನೇ ಆಸ್ಪತ್ರೆಗೆ ಹೋದ. ಹೆಂಡತಿ ಅವನಿಗೆ ಆ ರಾತ್ರಿಯ ಕಥೆಯೆಲ್ಲ ಹೇಳಿದ್ದಾಳೆ ಅಂತ ಕಾಣುತ್ತದೆ. ಮೊನ್ನೆ ಬಟವಾಡೆಯಲ್ಲಿ ದುಡ್ಡು ಎಣಿಸಿ, ಎಲ್ಲರೆದುರು ಕೇಳಿದ: "ಆಸ್ಪತ್ರೇಲಿ ಬೆಡ್‌ಶೀಟಲ್ಲಿ ಕೊಯ್ದಿದ್ದು ಎಷ್ಟು ಕೆಜಿ ಬರ್ಕೊಂಡ್ರಿ ರೈಟ್ರೇ?"

ಎಲ್ಲರೂ ನಕ್ಕರು. ನಾನು ಚೆಕ್‌ರೋಲಿಗೆ ಮುಖ ಹಾಕಿಕೊಂಡು ಮುಂದಿನ ಹೆಸರು ಕರೆದೆ.