ರೀತಿ ಬದಲಿಸಿದರೆ ನಮ್ಮತನ ಉಳಿಯುತ್ತದೆಯೇ?

ಸ್ವಂತ ವ್ಯಾಪಾರ ನಡೆಸುವವರು ಸಿಕ್ಕಾಗಲೆಲ್ಲ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಕಾಲಕ್ಕೆ ತಕ್ಕ ಹಾಗೆ ಬದಲಾಗಿ ಅಂತೀರಿ. ಹೀಗೆ ಬದಲಾಗುತ್ತಾ ಹೋದರೆ ನಮ್ಮತನ ಅಂತ ಏನು ಉಳಿಯುತ್ತದೆ?"

ಗಿರಾಕಿ ಯಾವ ಮಾತನ್ನು ನಂಬಿ ನಿಮ್ಮ ಬಳಿ ಬರುತ್ತಾರೋ ಆ ಮಾತು ಉಳಿದರೆ ಸಾಕು, ಉಳಿದದ್ದನ್ನೆಲ್ಲ ಬದಲಿಸಬಹುದು ಎನ್ನುವುದು ನನ್ನ ಉತ್ತರ. ಆದರೆ ಬದಲಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ನಾನು ಕೊಡುವ ಉದಾಹರಣೆ ಇವಾನ್ ಶುನಾರ್ಡ್ ಅವರದು. ಪೆಟಗೋನಿಯಾ ಬಟ್ಟೆ ಕಂಪನಿ ಕಟ್ಟುವ ಮೊದಲು ಅವರು ಅಮೆರಿಕದಲ್ಲಿ ಬಂಡೆ ಹತ್ತುವವರಿಗೆ ಪಿಟಾನ್ ಮಾಡಿ ಮಾರುತ್ತಿದ್ದರು. ಬಂಡೆಯ ಬಿರುಕಿಗೆ ಸುತ್ತಿಗೆಯಿಂದ ಹೊಡೆದು ಕೂರಿಸುವ ಉಕ್ಕಿನ ಮೊಳೆ ಅದು. ವ್ಯಾಪಾರ ನಿಂತಿದ್ದೇ ಅದರ ಮೇಲೆ. ಆದರೆ ಒಬ್ಬರಾದ ಮೇಲೊಬ್ಬರು ಹೊಡೆದು ಕಿತ್ತು, ಹೊಡೆದು ಕಿತ್ತು, ಬಿರುಕುಗಳು ಅಗಲವಾಗಿ ಬಂಡೆಯೇ ಹಾಳಾಗತೊಡಗಿತ್ತು. 1970ರಲ್ಲಿ ಎಲ್ ಕ್ಯಾಪಿಟನ್ ಬಂಡೆಯ ಮೇಲೆ ಅದನ್ನು ಕಣ್ಣಾರೆ ಕಂಡ ಶುನಾರ್ಡ್ ಮತ್ತು ಅವರ ಪಾಲುದಾರ ಟಾಮ್ ಫ್ರಾಸ್ಟ್, ಪಿಟಾನ್ ವ್ಯಾಪಾರದಿಂದ ಹಿಂದೆ ಸರಿಯಲು ತೀರ್ಮಾನಿಸಿದರು. ಕೈಯಿಂದಲೇ ಸಿಕ್ಕಿಸಿ ಕೈಯಿಂದಲೇ ತೆಗೆಯಬಹುದಾದ ಚಾಕ್ ಎಂಬ ಅಲ್ಯೂಮಿನಿಯಂ ಬೆಣೆ‌ಗಳನ್ನು ಅದರ ಬದಲಿಗೆ ತಂದರು. 1972ರ ಕ್ಯಾಟಲಾಗಿನಲ್ಲಿ ಪಿಟಾನ್‌ನಿಂದ ಆಗುವ ಹಾನಿಯನ್ನು ಬಿಚ್ಚಿ ಬರೆದರು, ಚಾಕ್ ಬಳಸುವ ಬಗೆಯನ್ನು ಪುಟಗಟ್ಟಲೆ ವಿವರಿಸಿದರು. ಕೆಲವೇ ತಿಂಗಳಲ್ಲಿ ಪಿಟಾನ್ ಕೇಳುವವರು ಕಡಿಮೆಯಾದರು. ಚಾಕ್ ಮಾಡಿದಷ್ಟೂ ಸಾಲದಾಯಿತು.

ಮಾಲು ಬದಲಾಯಿತು, ಮಾಡುವ ಬಗೆಯೂ ಬದಲಾಯಿತು. ಬಂಡೆಯನ್ನು ಪ್ರೀತಿಸುವವರಿಗೆ ನಂಬಿಕಸ್ಥ ಸಲಕರಣೆ ಕೊಡುತ್ತೇವೆ ಎಂಬ ಮಾತು ಮಾತ್ರ ಬದಲಾಗಲಿಲ್ಲ. ಹಳೆಯದಕ್ಕೇ ಅಂಟಿಕೊಂಡಿದ್ದರೆ ಆ ಮಾತಿಗೇ ಮೋಸವಾಗುತ್ತಿತ್ತು. ನಮ್ಮತನದ ಹೆಸರಿನಲ್ಲಿ ಹಳೆಯ ರೀತಿಯನ್ನು ಕಾಪಾಡುವವರು ಇದನ್ನು ಯೋಚಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುವ ಆಟಿಕೆ ಮಾಡುವ ಲೆಗೋ ಕಂಪನಿ ಕೂಡ ಹಾಗೆಯೇ. ಆಟಿಕೆಯ ಸೆಟ್‌ಗಳು ಎಷ್ಟು ಬಗೆಯಾಗಿ ಬದಲಾದರೂ 1958ರ ಇಟ್ಟಿಗೆಗೆ ಇಂದಿನ ಇಟ್ಟಿಗೆ ಕೂರುತ್ತದೆ.

ಇನ್ನು ಪೊಟ್ಟಣದ ಅಳತೆ ಹಾಗೇ ಇಟ್ಟು ಒಳಗಿನ ತೂಕ ಇಳಿಸುವುದನ್ನು ನೋಡಿ. ಹೊಸ ತೂಕವನ್ನು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಗಿರಾಕಿ ಗಮನಿಸದಿದ್ದರೆ ಸಾಕು ಎಂಬ ಆಸೆ ಅದರಲ್ಲಿದೆಯಲ್ಲ, ನಂಬಿಕೆ ಮುರಿಯುವುದು ಅಲ್ಲಿ. ಕಚ್ಚಾ ಮಾಲಿನ ಬೆಲೆ ಏರಿದೆ, ಅದಕ್ಕೇ ದರ ಏರಿಸಿದ್ದೇವೆ ಎಂದು ನೇರವಾಗಿ ಹೇಳಿದವರನ್ನು ಜನ ಬೈದರೂ ಮತ್ತೆ ನಂಬುತ್ತಾರೆ.

ಹಾಗಾಗಿ ಏನನ್ನೇ ಬದಲಿಸುವ ಮುನ್ನ ನಿಮ್ಮ ಅತಿ ಹಳೆಯ ಗಿರಾಕಿಗೆ ನಾಲ್ಕು ಸಾಲು ಬರೆಯಿರಿ: ಏನು ಬದಲಾಗುತ್ತಿದೆ, ಯಾಕೆ, ಅವರಿಗೆ ಇದರಿಂದ ಏನು ನಷ್ಟ. ಆ ನಷ್ಟದ ಸಾಲು ಬರೆಯಲು ಕೈ ಬಾರದಿದ್ದರೆ ಬದಲಾವಣೆಯನ್ನು ಅಲ್ಲಿಗೇ ತಡೆದು ಇನ್ನೊಮ್ಮೆ ನೋಡಿ.

ಇಷ್ಟು ಮಾಡಿಯೂ ಕೆಲವರು ಬಿಟ್ಟು ಹೋಗುತ್ತಾರೆ. ಅವರ ಬಾಕಿ ಲೆಕ್ಕ ಚುಕ್ತಾ ಮಾಡಿ. ಅವರಿಗೆ ಬೇಕಾದ ಹಳೆಯ ಮಾಲು ಬೇರೆ ಎಲ್ಲಿ ಸಿಗುತ್ತದೆಂದು ಗೊತ್ತಿದ್ದರೆ ಅದನ್ನೂ ಹೇಳಿ ಕಳಿಸಿ.