100 ಡಿಗ್ರಿಯ ಪ್ರೊಸೆಸರ್, ಅಲ್ಲಾಡುತ್ತಿದ್ದ ಕೂಲರ್

ಮೊದಲು ನನಗೆ ಅನುಮಾನ ಬಂದಿದ್ದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಹಳೇ ಗೇಮಿಂಗ್ ಕಂಪ್ಯೂಟರಿನ ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್ ಮೂರನ್ನೂ ಬದಲಾಯಿಸಿ, ಇಂಟೆಲ್ ಕೋರ್ ಐ7-12700ಕೆ ಹಾಕಿ, ನಾನೇ ಕೂತು ಜೋಡಿಸಿದ್ದೆ. ಕ್ಯಾಬಿನೆಟ್, ಪವರ್ ಸಪ್ಲೈ, ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಎಲ್ಲ ಹಳೆಯವೇ. ಮೊದಲ ಸಲಕ್ಕೇ ಆನ್ ಆಯಿತು, ವಿಂಡೋಸ್ ಬಂತು, ನಾನು ಮೀಸೆ ತಿರುವಿಕೊಂಡೆ. ಗೇಮ್ ಹಾಕಿ ಎರಡು ನಿಮಿಷ ಆಗಿರಲಿಲ್ಲ, ಸೆಕೆಂಡಿಗೆ 140 ಫ್ರೇಮ್ ಓಡುತ್ತಿದ್ದದ್ದು 80ಕ್ಕೆ ಬಿತ್ತು, ಮತ್ತೆ ಏರಿತು, ಮತ್ತೆ ಬಿತ್ತು, ಆಡೋದು ಬಿಟ್ಟು ಆ ಮೂಲೆಯ ನಂಬರನ್ನೇ ನೋಡುತ್ತಾ ಕೂರುವಂತಾಯಿತು. ಡ್ರೈವರ್ ತೆಗೆದು ಮತ್ತೆ ಹಾಕುವುದರಲ್ಲಿ ಎರಡು ಸಂಜೆ ಹೋದವು. ವಿಂಡೋಸನ್ನೇ ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ.

ಮೂರನೇ ದಿನ, ಕಂಪ್ಯೂಟರಿನ ಒಳಗಿನ ಬಿಸಿ, ವೇಗ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದು ನೋಡಿದೆ. ಮೊದಲ ದಿನವೇ ನೋಡಬೇಕಿತ್ತು, ಗೊತ್ತು. ಥರ್ಮಲ್ ಥ್ರಾಟ್ಲಿಂಗ್ ಅನ್ನೋ ಸಾಲಿನಲ್ಲಿ ಕೆಂಪು ಬಣ್ಣದ ‘ಯೆಸ್’. ಪಕ್ಕದಲ್ಲಿ 100 ಡಿಗ್ರಿ.

ಈ ಪ್ರೊಸೆಸರಿಗೆ 100 ಡಿಗ್ರಿಯೇ ಗಡಿ. ಅಲ್ಲಿಗೆ ಮುಟ್ಟಿದ ಕೂಡಲೇ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಏರಿಸುತ್ತದೆ, ಫ್ರೇಮ್ ಏರಿಳಿತ ಬರುವುದು ಅದರಿಂದಲೇ. ಅದನ್ನೂ ಮೀರಿ ಕಾದರೆ ಕಂಪ್ಯೂಟರನ್ನೇ ಆಫ್ ಮಾಡಿ ತನ್ನನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಸುಟ್ಟು ಹೋಗುತ್ತದೆ ಅಂತ ಹೆದರಬೇಕಿರಲಿಲ್ಲ. ಆದರೆ ಆಟದಲ್ಲಿ 90 ವ್ಯಾಟ್ ಕೂಡ ಸರಿಯಾಗಿ ತಿನ್ನದ ಪ್ರೊಸೆಸರ್ 100 ಮುಟ್ಟುತ್ತದೆ ಅಂದರೆ ಎಲ್ಲೋ ಎಡವಟ್ಟಾಗಿದೆ. ನನ್ನ ಕೂಲರ್ ಇದಕ್ಕಿಂತ ಎಷ್ಟೋ ಜಾಸ್ತಿ ಬಿಸಿಯನ್ನು ಹಳೇ ಪ್ರೊಸೆಸರಿನಲ್ಲಿ ಆರಾಮಾಗಿ ತಡೆದುಕೊಂಡಿತ್ತು.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪ್ರೊಸೆಸರಿಗೂ ಕೂಲರಿಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ಬದಲಾಯಿಸಿದೆ. ಮೊದಲ ಸಲ ಬಟಾಣಿ ಕಾಳಿನಷ್ಟು, ಎರಡನೇ ಸಲ ಗುಣಾಕಾರದ ಗುರುತಿನ ಹಾಗೆ ಅಡ್ಡಡ್ಡ, ಮೂರನೇ ಸಲ ತುಂಬಾ ಜಾಸ್ತಿ, ಹೇಳೋಕೆ ನಾಚಿಕೆ ಆಗುವಷ್ಟು. ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಬಿಟ್ಟೆ. ತಮ್ಮ ಪಕ್ಕದ ಕೋಣೆಯಿಂದ “ಅಣ್ಣಾ, ಮಿಕ್ಸಿ ಆಫ್ ಮಾಡು” ಅಂತ ಕೂಗಿದ. ಇಷ್ಟೆಲ್ಲ ಆದ ಮೇಲೆ 100 ಡಿಗ್ರಿ ಇದ್ದದ್ದು 98 ಆಯಿತು.

ಇಲ್ಲಿ ನಾನು ಮಾಡುತ್ತಿದ್ದ ತಪ್ಪು ಅಂದರೆ ಬರೀ ಡಿಗ್ರಿ ಎಷ್ಟು ಅಂತ ನೋಡುತ್ತಿದ್ದದ್ದು. ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ತೆಗೆದುಕೊಂಡಿತು ಅನ್ನೋದನ್ನು ನೋಡಿಯೇ ಇರಲಿಲ್ಲ. ಆ ಸಂಜೆ ಗ್ರಾಫ್ ತೆರೆದಿಟ್ಟು, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಸ್ಕೋರ್ ಹೇಳುವ ಸಿನಿಬೆಂಚ್ ಓಡಿಸಿದೆ. ಬಟನ್ ಒತ್ತಿದ ತಕ್ಷಣ, ಒಂದು ಸೆಕೆಂಡೋ ಎರಡೋ, 38 ಇದ್ದದ್ದು ನೇರ 100. ಗೋಡೆ ಕಟ್ಟಿದ ಹಾಗೆ. ನಿಲ್ಲಿಸಿದಾಗಲೂ ಅಷ್ಟೇ, ಕಲ್ಲು ಬಿದ್ದ ಹಾಗೆ 45ಕ್ಕೆ ಇಳಿಯಿತು.

ಇದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. ಕೂಲರ್ ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಕಿಲೋ ತಾಮ್ರ, ಅಲ್ಯೂಮಿನಿಯಂ. ಅಷ್ಟು ಲೋಹ ಎರಡು ಸೆಕೆಂಡಿನಲ್ಲಿ ಕಾಯುವುದಿಲ್ಲ, ಕಾದ ಮೇಲೆ ಎರಡು ಸೆಕೆಂಡಿನಲ್ಲಿ ಆರುವುದೂ ಇಲ್ಲ. ಹೊಸ ಪ್ರೊಸೆಸರುಗಳು ಲೋಡ್ ಬಿದ್ದ ಕೂಡಲೇ ಇಪ್ಪತ್ತು ಮೂವತ್ತು ಡಿಗ್ರಿ ಜಿಗಿಯುವುದು ಮಾಮೂಲು, ಚಿಪ್ ಚಿಕ್ಕದು, ಬಿಸಿ ಒಂದೇ ಕಡೆ ಹುಟ್ಟುತ್ತದೆ. ಆದರೆ 60 ಡಿಗ್ರಿ ಜಿಗಿದು ಗಡಿಗೇ ಹೋಗಿ ಅಂಟಿಕೊಂಡರೆ, ಬಿಸಿ ಪ್ರೊಸೆಸರಿನಲ್ಲೇ ಸಿಕ್ಕಿಕೊಂಡಿದೆ, ಕೂಲರಿಗೆ ದಾಟುತ್ತಲೇ ಇಲ್ಲ ಅನ್ನೋ ಅನುಮಾನ ಗಟ್ಟಿಯಾಗುತ್ತದೆ. ಅದೇ 60, 70, 80 ಅಂತ ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರಿದರೆ ಬಿಸಿ ಕೂಲರಿಗೆ ಬಂದಿದೆ, ಆದರೆ ಕ್ಯಾಬಿನೆಟ್ಟಿನಿಂದ ಹೊರಗೆ ಹೋಗುತ್ತಿಲ್ಲ. ಆಗ ಫ್ಯಾನು, ಧೂಳು, ಗಾಳಿಯ ದಾರಿ ನೋಡಬೇಕು. ಎರಡೂ ಬೇರೆ ಬೇರೆ ಕಾಯಿಲೆ. ನಾನು ಮೊದಲನೆಯದಕ್ಕೆ ಎರಡನೆಯದರ ಮದ್ದು ಕೊಡುತ್ತಿದ್ದೆ.

ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಐದು ನಿಮಿಷ ಲೋಡ್ ಕೊಟ್ಟು, ಫ್ಯಾನಿಗೆ ಬೆರಳು ತಗುಲದ ಹಾಗೆ ಕೂಲರಿನ ಲೋಹದ ಭಾಗ, ಅಂದರೆ ಹೀಟ್‌ಸಿಂಕಿನ ಬುಡದ ಹತ್ತಿರ ಹುಷಾರಾಗಿ ಮುಟ್ಟಿ ನೋಡಿದೆ. ಒಳಗೆ 100 ಡಿಗ್ರಿ, ಹೀಟ್‌ಸಿಂಕ್ ಮಾತ್ರ ಉಗುರುಬೆಚ್ಚಗೂ ಇಲ್ಲ.

ಸರಿ, ನಾಲ್ಕನೇ ಸಲ ಬಿಚ್ಚಿದೆ. ತಮ್ಮನ ಕೈಗೆ ಟಾರ್ಚ್ ಕೊಟ್ಟಿದ್ದೆ. ಸ್ಕ್ರೂ ತಿರುಗಿಸುವ ಮುಂಚೆಯೇ ಅವನು ಕೂಲರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ, “ಅಣ್ಣಾ, ಇದು ಅಲ್ಲಾಡ್ತಿದೆ, ಹಿಂಗೇ ಇರ್ಬೇಕಾ?” ಅಂದ. ನಾಲ್ಕೂ ಸ್ಕ್ರೂ ಪೂರ್ತಿ ಬಿಗಿಯಾಗಿದ್ದವು. ಇನ್ನೊಂದು ಸುತ್ತು ತಿರುಗಿಸಲೂ ಜಾಗ ಇರಲಿಲ್ಲ. ಆದರೂ ಅಲ್ಲಾಡುತ್ತಿತ್ತು.

ಕೂಲರ್ ಎತ್ತಿ ತಳ ನೋಡಿದೆ. ಮೊದಲ ಮೂರು ಸಲವೂ ಬಿಚ್ಚಿದ ಕೂಡಲೇ ಒರೆಸಿ ಎಸೆದಿದ್ದೆ, ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಕೂಲರ್ ಚೆನ್ನಾಗಿ ಒತ್ತಿದ್ದರೆ ಪೇಸ್ಟ್ ತೆಳ್ಳಗೆ ಹರಡಿ, ನಡುವೆ ಲೋಹ ಕಾಣುವ ಹಾಗೆ ಇರಬೇಕು. ನನ್ನದರಲ್ಲಿ ಪೇಸ್ಟ್ ದಪ್ಪ ಪದರವಾಗಿ, ಬೆಣ್ಣೆ ಬಳಿದ ಹಾಗೆ ಕೂತಿತ್ತು. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ತಗ್ಗುಗಳನ್ನು ತುಂಬಲು ಮಾತ್ರ. ಗಾಳಿಗಿಂತ ಅದು ನೂರಾರು ಪಟ್ಟು ವಾಸಿ, ನಿಜ, ಆದರೆ ತಾಮ್ರದ ಮುಂದೆ ಏನೇನೂ ಅಲ್ಲ. ದಪ್ಪಗಾದಷ್ಟೂ ಅದೇ ಅಡ್ಡಗೋಡೆ.

ಒತ್ತಡ ಯಾಕೆ ಬಿದ್ದಿಲ್ಲ? ಉತ್ತರ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದಲ್ಲಿ, ಅಂದರೆ ಸಾಕೆಟ್ಟಿನಲ್ಲಿತ್ತು. ಇಂಟೆಲ್ 2021ರಲ್ಲಿ 12ನೇ ತಲೆಮಾರಿನ ಪ್ರೊಸೆಸರುಗಳ ಜೊತೆ ಎಲ್‌ಜಿಎ 1700 ಅನ್ನೋ ಹೊಸ ಸಾಕೆಟ್ ತಂದಿತು. ಹಳೇ ಎಲ್‌ಜಿಎ 1200ರಲ್ಲಿ ಕೂಲರಿನ ತೂತುಗಳ ನಡುವಿನ ದೂರ 75 ಮಿಲಿಮೀಟರ್, ಹೊಸದರಲ್ಲಿ 78. ಹಳೇ ಕೂಲರ್ ಹಾಗಾದರೆ ಕೂರಲೇಬಾರದಿತ್ತು, ಅಲ್ವಾ? ಆದರೆ ಕೆಲವು ಬೋರ್ಡುಗಳಲ್ಲಿ ಅನುಕೂಲ ಆಗಲಿ ಅಂತ ಎರಡೂ ಅಳತೆಯ ತೂತು ಕೊಟ್ಟಿರುತ್ತಾರೆ, ನನ್ನದು ಅಂಥದ್ದು. ಹಳೇ ಕೂಲರ್ ಸಲೀಸಾಗಿ ಕೂತಿತು, ನನಗೆ ಸಂಶಯವೇ ಬರಲಿಲ್ಲ. ಗೊತ್ತಿಲ್ಲದೇ ಹೋಗಿದ್ದು ಎತ್ತರದ ವಿಷಯ. ಹೊಸ ಸಾಕೆಟ್ಟಿನಲ್ಲಿ ಪ್ರೊಸೆಸರ್ ಹಳೆಯದಕ್ಕಿಂತ ಸುಮಾರು ಮುಕ್ಕಾಲು ಮಿಲಿಮೀಟರ್ ಕೆಳಗೆ ಕೂರುತ್ತದೆ. ಕೂಲರನ್ನು ಬೋರ್ಡಿನ ಮೇಲೆ ಎತ್ತಿ ಹಿಡಿಯುವ ನನ್ನ ಹಳೇ ಚಿಕ್ಕ ಕಂಬಗಳು, ಅಂದರೆ ಸ್ಟ್ಯಾಂಡ್‌ಆಫ್‌ಗಳು ಹಳೇ ಎತ್ತರಕ್ಕೆ ಮಾಡಿದವು. ಸ್ಕ್ರೂ ತನ್ನ ಕೊನೆ ಮುಟ್ಟಿ ನಿಲ್ಲುತ್ತಿತ್ತು, ಕೂಲರ್ ಮಾತ್ರ ಪ್ರೊಸೆಸರಿನ ಮೇಲೆ ಭಾರ ಬಿಡದೇ ತೇಲುತ್ತಿತ್ತು. ಮೂರನೇ ಸಲ ಪೇಸ್ಟ್ ಸುರಿದಾಗ ಎರಡು ಡಿಗ್ರಿ ಇಳಿದದ್ದು ಬಹುಶಃ ಆ ಸಂದು ಸ್ವಲ್ಪ ತುಂಬಿದ್ದಕ್ಕೇ.

ಎಲ್‌ಜಿಎ 1700ರ ಸ್ಟ್ಯಾಂಡ್‌ಆಫ್ ಕಿಟ್ ತರಿಸಿದೆ. ಚಿಕ್ಕ ಪೊಟ್ಟಣ, ಒಳಗೆ ನಾಲ್ಕು ಗಿಡ್ಡ ಕಂಬ ಮತ್ತು ಎರಡು ಪಟ್ಟಿ. ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿಯಷ್ಟು ಹೊಸದು ಹಾಕಿ, ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಹೋದೆ. ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಏಳುತ್ತದೆ. ಕೊನೆಯ ಸುತ್ತುಗಳಲ್ಲಿ ಕೈಗೆ ಬಿಗಿ ಸಿಕ್ಕಿತು. ಹಿಂದಿನ ಮೂರು ಸಲ ಅದು ಸಿಕ್ಕಿರಲೇ ಇಲ್ಲ, ನಾನು ಗಮನಿಸಿರಲಿಲ್ಲ. ಗೇಮ್ ಹಾಕಿದೆ: 66. ತಮ್ಮ ನಕ್ಕ.

ಎಎಮ್‌ಡಿಯ ಎಎಮ್4 ಸಾಕೆಟ್ ಇರುವವರು ಕೂಲರನ್ನು ನೇರ ಮೇಲಕ್ಕೆ ಎಳೆಯಬೇಡಿ. ಆ ಪ್ರೊಸೆಸರುಗಳಲ್ಲಿ ಪಿನ್ನು ಚಿಪ್ಪಿನ ತಳದಲ್ಲೇ ಇರುತ್ತವೆ, ಪೇಸ್ಟ್ ಗಟ್ಟಿಯಾಗಿದ್ದರೆ ಲಾಕ್ ತೆಗೆಯದೆಯೇ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಚಿ ಆಮೇಲೆ ಎತ್ತಿ. ವಾಟರ್ ಕೂಲರ್ ಇದ್ದು ಇದೇ ರೀತಿ ನೇರ ಏರುತ್ತಿದ್ದರೆ ಪಂಪ್ ತಿರುಗುತ್ತಿದೆಯಾ ನೋಡಿ, ಪ್ರೊಸೆಸರ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಬಹುಪಾಲು ಅದೇ. ಹೊಸ ಕೂಲರಾದರೆ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಅಂತಲೂ. ನಗಬೇಡಿ, ಬಹಳ ಜನ ಮರೆಯುತ್ತಾರೆ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಗೇಮಿನಲ್ಲಿ ಸರಿ, ಸಿನಿಬೆಂಚ್ ಓಡಿಸಿದರೆ ಇನ್ನೂ 95 ದಾಟುತ್ತಿತ್ತು. ಬಯೋಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ ತೆರೆದರೆ ಪವರ್ ಲಿಮಿಟ್ ಜಾಗದಲ್ಲಿ 4096 ವ್ಯಾಟ್ ಅಂತಿತ್ತು. ನೀರು ಕಾಯಿಸುವ ಕೆಟಲ್ಲಿಗೂ ಅಷ್ಟು ಬೇಡ! ಅಂದರೆ ಲಿಮಿಟ್ಟೇ ಇಲ್ಲ, ಬೇಕಾದಷ್ಟು ತಿನ್ನು ಅಂತ ಅರ್ಥ. ಈ ಪ್ರೊಸೆಸರಿಗೆ ಇಂಟೆಲ್ ಹೇಳುವುದು ಮೂಲ 125 ವ್ಯಾಟ್, ವೇಗ ಏರಿಸಿಕೊಂಡು ಟರ್ಬೊದಲ್ಲಿ ಓಡುವಾಗ ಗರಿಷ್ಠ 190. ಬೋರ್ಡ್ ಮಾಡುವವರು ತಮ್ಮ ಬೋರ್ಡ್ ಸ್ಕೋರಿನಲ್ಲಿ ಮುಂದೆ ಕಾಣಲಿ ಅಂತ ಇದನ್ನು ಬಿಚ್ಚಿಡುತ್ತಾರೆ ಅನ್ನೋದು ನನ್ನ ಅನಿಸಿಕೆ. ನಾನು 150ಕ್ಕೆ ಕಟ್ಟಿದೆ. ಸಿನಿಬೆಂಚ್ 78ಕ್ಕೆ ನಿಂತಿತು. ಸ್ಕೋರ್ ಸ್ವಲ್ಪ ಇಳಿಯಿತು, ಗೇಮಿನಲ್ಲಿ ಒಂದು ಫ್ರೇಮೂ ಕಡಿಮೆಯಾಗಲಿಲ್ಲ. ಗೇಮ್ ಅಷ್ಟು ವಿದ್ಯುತ್ ಕೇಳುವುದೇ ಇಲ್ಲವಲ್ಲ.

ಈಗ ಉಳಿದಿರುವುದು ನಿಧಾನವಾಗಿ ಏರುವ ಜಾತಿಯದ್ದು. ಒಂದು ಗಂಟೆ ಆಡಿದ ಮೇಲೆ 66 ಇದ್ದದ್ದು 74 ಆಗುತ್ತದೆ. ಪಕ್ಕದ ಬಾಗಿಲು ತೆಗೆದಿಟ್ಟರೆ 67ರಲ್ಲೇ ಇರುತ್ತದೆ, ಅಂದರೆ ತಪ್ಪು ಕ್ಯಾಬಿನೆಟ್ಟಿನದು. ಮುಂದೆ ಗಾಜು, ಅಂಚಿನಲ್ಲಿ ಒಂದು ಬೆರಳಿನಷ್ಟು ಸಂದು, ಗಾಳಿ ಬರಬೇಕಾದದ್ದು ಅದರಲ್ಲೇ. ಹಿಂದಿನ ಫ್ಯಾನನ್ನೂ ಉಲ್ಟಾ ಹಾಕಿದ್ದೆ ಅಂತ ಆಮೇಲೆ ಗೊತ್ತಾಯಿತು. ಪ್ಲಾಸ್ಟಿಕ್ ಕಡ್ಡಿಗಳು ಇರುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ, ನಾನು ಆ ಕಡೆಯನ್ನು ಒಳಕ್ಕೆ ತಿರುಗಿಸಿದ್ದೆ. ಅದನ್ನು ಸರಿ ಮಾಡಿದೆ, ಮೂರು ಡಿಗ್ರಿ ಇಳಿಯಿತು. ಮುಂದಿನ ಗಾಜಿನ ಬದಲು ಜಾಲರಿ ಕೂರಿಸಬೇಕು ಅಂತ ಅಳತೆ ತೆಗೆದಿಟ್ಟಿದ್ದೇನೆ. ಅಲ್ಲಿಯವರೆಗೆ ಪಕ್ಕದ ಬಾಗಿಲು ಮಂಚದ ಕೆಳಗೆ.